ದಂಡೆಯ ಮೇಲೆ ದಂಡ

ಮೊಣಕಾಲು ಕೈಕೊಟ್ಟ ಮೇಲೆ
ಬೇಲೆಕೇರಿಯ ವಾಲಿಬಾಲ್ ಟೀಮಿಗೆ ನಾನು ಖಜಾಂಚಿ.
ಅವರೇ ಕೊಟ್ಟರು ನೂರು ಪುಟದ ವಹಿ,
ಮುಚ್ಚಳಕ್ಕೆ ಸೀಳು ಹಾಕಿದ ಹಾರ್ಲಿಕ್ಸ್ ಬಾಟಲಿ.

ಮೊದಲ ಪುಟ ಸುಲಭವಿತ್ತು.
ತಡವಾಗಿ ಬಂದರೆ ಹತ್ತು.
ನೆಟ್ ಮುಟ್ಟಿ ಇಲ್ಲವೆಂದರೆ ಇಪ್ಪತ್ತು.
ಎಲ್ಲರಿಗೂ ಒಂದೇ ರೇಟು;
ಒಂದೇ ಅಂದಮೇಲೆ ನ್ಯಾಯ ಅಂದುಕೊಂಡೆ.

ಸೋಮವಾರ ಉಲ್ಲಾಸ ತಾಂಡೇಲ ಬೈಕು ನಿಲ್ಲಿಸಿ
ನೂರರ ನೋಟು ತುರುಕಿದ:
'ಹತ್ತು ದಿನದ್ದು ಒಮ್ಮೆಲೇ ಹಿಡಕೊ ಮಾರಾಯ,
ಇನ್ನು ಗಂಟೆ ಎಷ್ಟೆಂದು ಕೇಳಬೇಡ.'
ಅದೇ ಸಂಜೆ ಬೊಮ್ಮಯ್ಯ ಹರಿಕಂತ್ರ
ಬೋಟಿಳಿದು ನೇರ ಓಡಿ ಬಂದ,
ಕಣಕಾಲಿಗೆ ಇನ್ನೂ ಮೀನಿನ ಹುರುಪೆ.
ಒದ್ದೆ ಹತ್ತರ ನೋಟನ್ನು ಒಣಗಲೆಂದು
ಮರಳ ಮೇಲೆ ಹರಡಿ ಕಲ್ಲಿಟ್ಟ.
ಅವನ ಪಾಲಿಗೆ ಆ ದಿನ ಬಂದದ್ದೆಷ್ಟು, ನನಗೆ ಗೊತ್ತಿತ್ತು.
ವಹಿಯಲ್ಲಿ ಅದಕ್ಕೆ ಕಾಲಮ್ಮಿರಲಿಲ್ಲ.

ರಾತ್ರಿ ಅಳಿಸಿದೆ. ಪೆನ್ನಿನ ಬರಹ, ಕಾಗದ ಹರಿಯಿತು.

ಹೊಸ ಪುಟ:
ಉಬ್ಬರ ಇಳಿತಕ್ಕೆ ದಂಡವಿಲ್ಲ.
ನಿದ್ದೆ ಮಾಡಿ ತಡವಾದವ ದುಡ್ಡು ಕೊಡಕೂಡದು,
ಗಾಳಿಮರದಾಚೆ ಹೋದ ಚೆಂಡೆಲ್ಲ
ಕತ್ತಲಾಗುವವರೆಗೆ ಅವನೇ ತರಬೇಕು.
ಚಿಕ್ಕವರಿಗೆ ಬೈದರೆ ಒಂದು ದಿನದ ಗಳಿಕೆ, ಅವರವರದು.

'ನನ್ನ ಗಳಿಕೆ ಎಣಿಸಲು ನೀನ್ಯಾರು?' ಉಲ್ಲಾಸ ಎದ್ದ.
ಬಲೆ ಸರಿಮಾಡುತ್ತಿದ್ದ ಮಂಕಾಳಜ್ಜ ತಲೆಯೆತ್ತದೆ ಅಂದ:
'ದಂಡ ಅನ್ನಬೇಡಿ, ಅದು ಪೊಲೀಸರು ಕಿತ್ತುಕೊಳ್ಳುವುದು.
ತಪ್ಪುಕಾಣಿಕೆ ಅನ್ನಿ.
ಕಾಣಿಕೆ ಡಬ್ಬಿಗೆ ಯಾರೂ ಇಣುಕುವುದಿಲ್ಲ.'
ನಮ್ಮದು ಗಾಜು. ಹಳೆ ಜರ್ಸಿಯ ತೋಳು ಕತ್ತರಿಸಿ
ಬಾಟಲಿಗೆ ತೊಡಿಸಿದೆವು.

ಮೊದಲು ಸಿಕ್ಕಿಬಿದ್ದವ ನಾನೇ.
ಅಮದಳ್ಳಿಯವರ ಮೇಲೆ ಮ್ಯಾಚು, ಇಪ್ಪತ್ಮೂರು ಇಪ್ಪತ್ನಾಲ್ಕು,
ಒಂಬತ್ತನೇ ಕ್ಲಾಸಿನ ಪುರಸು ಸರ್ವನ್ನು ನೆಟ್ಟಿಗೆ ಹೊಡೆದ.
ನನ್ನ ಬಾಯಿಂದ ಹೊರಟದ್ದನ್ನು ಇಲ್ಲಿ ಬರೆಯಲಾರೆ.
ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.
ಹುಡುಗ ಮಾತ್ರ ತಿರುಗಿ ನೋಡಿದ.

ಝೆರಾಕ್ಸ್ ಅಂಗಡಿಯಲ್ಲಿ ನನ್ನ ದಿನದ ಗಳಿಕೆ
ಮುನ್ನೂರ ಎಂಬತ್ತು.
ಎಲ್ಲರೂ ಹೋದ ಮೇಲೆ
ನೂರರ ನಾಲ್ಕು ನೋಟು ಒಳಗೆ ಬಿಟ್ಟೆ.
ಇಪ್ಪತ್ತು ಚಿಲ್ಲರೆ ಬರಬೇಕಲ್ಲ;
ಮುಚ್ಚಳ ತಿರುಗಿಸಿ ಕೈ ಹಾಕಿದ್ದೇನೆ,
ಹಿಂದೆ ಪುರಸು, ಚೆಂಡು ಕಂಕುಳಲ್ಲಿ:
'ಅಣ್ಣ, ಬಾಟಲಿಗೆ ಕೈ ಹಾಕಿದರೆ ಎಷ್ಟು?'

ವಹಿ ತೆರೆದೆ, ಮೊದಲಿಂದ ಕೊನೆವರೆಗೆ.
ಅದೊಂದನ್ನು ನಾನು ಬರೆದೇ ಇರಲಿಲ್ಲ.