ಸೂರಿನ ಗಂಟು

ಲಿಂಗರಾಜಪುರದ ನಮ್ಮ ಮಹಡಿ ಮನೆಗೆ
ಮೊಮ್ಮಗಳು ಹೊಯ್ನೈಲ್ಹಿಂಗ್ ಅಜ್ಜಿಯನ್ನು ಕರೆತಂದಳು,
ಕಣ್ಣಿನ ಪೊರೆ ತೆಗೆಸಲು.
ಭಾನುವಾರ ಹತ್ತಕ್ಕೆ ಟೈರ್ ಅಂಗಡಿಯ ಮೇಲೆ ಅವರ ಪ್ರಾರ್ಥನೆ:
ಗಿಟಾರು, ಪ್ಲಾಸ್ಟಿಕ್ ಕುರ್ಚಿ, ಅವರ ನುಡಿಯ ಬೈಬಲ್ಲು.
ಅಜ್ಜಿ ಒಂದು ವಾರವೂ ತಪ್ಪಿಸಲಿಲ್ಲ.

ನನ್ನ ಬಾಗಿಲಲ್ಲಿ ಅಜ್ಜಿ ನಿಂತದ್ದು
ದೃಷ್ಟಿಗೆಂದು ಕಟ್ಟಿದ ಬೂದುಗುಂಬಳದ ಕೆಳಗೆ.
ಮುಟ್ಟದೆ, ತಲೆಯೆತ್ತಿ, ಪಟ್ಟಿಯಿಲ್ಲದ ಒಂದೇ ಕಣ್ಣಲ್ಲಿ.

ಮೊಮ್ಮಗಳು ತಡೆತಡೆದು ಕನ್ನಡಕ್ಕೆ ತಂದಳು:
ಅವರ ಸೂರಿನಲ್ಲೂ ಒಂದು ಗಂಟು ತೂಗುತ್ತಿತ್ತಂತೆ, ಇಂದೊಯ್.
ಸೋರೆಬುರುಡೆ, ಆಡಿನ ಕೊಂಬು, ಪುಟ್ಟ ಕತ್ತಿ.
ಮನೆ ಕಾಯುತ್ತಿದ್ದುದು ಅದೇ.
ಮಾವ ಊರಿನ ಥೆಂಪು,
ಜ್ವರ ಬಂದರೆ ಕೋಳಿ ಕೊಯ್ದು ಮಂತ್ರ ಹೇಳುವವನು.
ಮಿಶನ್ನಿನ ಗುಳಿಗೆಗೆ ಮಗುವಿನ ಜ್ವರ ಇಳಿದ ವರ್ಷ
ಗಂಟೂ ಇಳಿಯಿತು.
ಅವನೇ ಇಳಿಸಿದ. ಅವನೇ ಒಲೆಗಿಟ್ಟ.
ಕೊಂಬು ಸುಡಲು ರಾತ್ರಿಯೆಲ್ಲ ಹಿಡಿಯಿತು.

'ಸಂಕಟ ಆಗಲಿಲ್ಲವೆ?' ಎಂದೆ.
'ಇಲ್ಲ. ಯೇಸು ಒಳ್ಳೆಯವನು, ಮಗು ಬದುಕಿತು.
ಆದರೆ ಆ ಮಂತ್ರ ನನಗೆ ಅರ್ಧ ಬರುತ್ತದೆ.
ಉಳಿದರ್ಧ ಯಾರನ್ನು ಕೇಳಲಿ?'

ನಾನು ಕಾಫಿ ಸೋಸಲು ಒಳಗೆ ಹೋದೆ.
ಮಹಾಲಯಕ್ಕೆ ಅತ್ತೆ ಅಟ್ಟು ಇಡುತ್ತಿದ್ದ ಎಡೆ
ಈಗ ಫೋನು ಒತ್ತಿದರೆ ಬರುತ್ತದೆ, ಡಬ್ಬಿಯಲ್ಲಿ.
ಯಾರ ಯಾರ ಹೆಸರು ಹೇಳಬೇಕೆಂದು
ಆಕೆ ಬರೆಸಿದ್ದ ಚೀಟಿ ಫ್ರಿಜ್ಜಿನ ಮೇಲಿತ್ತು.
ಯಾವಾಗ ಕಳೆಯಿತೋ.

ಕುಂಬಳ ಒಂದು ಬದಿ ಕೊಳೆತಿತ್ತು,
ಅಮಾವಾಸ್ಯೆಗೆ ಬದಲಿಸಬೇಕಿತ್ತು.
ಅಜ್ಜಿ ಊರಿಗೆ ಹೊರಡುವ ತನಕ
ಇರಲಿ ಎಂದು ಬಿಟ್ಟೆ.