ಕೋಟಿನ ಪಾಲು

ಶಿಕಾರಿಗೆ ಲೈಸೆನ್ಸ್ ಸಿಗುತ್ತಿದ್ದ ಕಾಲದ ಮಾತು.
ಧನುರ್ಮಾಸ. ನಿಟ್ಟೂರಿನಾಚೆ, ಕೊಡಚಾದ್ರಿಯ ಬೆನ್ನಿಗೆ,
ಇಬ್ಬನಿ ಕೂತ ಹುಲ್ಲು ಕಾಲಡಿಯಲ್ಲಿ ಹಲ್ಲು ಕಡಿಯುತ್ತಿತ್ತು.

ಗುತ್ಯಪ್ಪ ಮಾವ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ
ಸುತ್ತ ಒಂದು ಸುತ್ತು ಬಂದ,
ಸಂತೆಯಲ್ಲಿ ಹೋರಿ ನೋಡುವವರ ಹಾಗೆ.
ಮನೆಯಲ್ಲಿ ಇದ್ದಬದ್ದದ್ದೆಲ್ಲ ನನ್ನ ಮೈಮೇಲಿತ್ತು.
‘ಬಿಚ್ಚು’ ಅಂದ.

ಶಾಲೆಯ ಬಿಳಿ ಅಂಗಿ ಹೋಯಿತು:
ಬೆಳದಿಂಗಳಲ್ಲಿ ಅದು ಗುಡ್ಡದಿಂದ ಗುಡ್ಡಕ್ಕೆ ಕೂಗು ಹಾಕುತ್ತದಂತೆ.
ಪೆಟ್ಟಿಗೆಯಿಂದ ತೆಗೆದ ಸ್ವೆಟರಿಗೆ ನುಸಿಗುಳಿಗೆಯ ವಾಸನೆ;
ಹಂದಿಗೆ ಕಣ್ಣು ಮಂದ, ಆದರೆ ಮೂಗು
ಹಳೇ ಶಾನುಭೋಗರದ್ದು, ಒಂದನ್ನೂ ಬರೆಯದೆ ಬಿಡುವುದಿಲ್ಲ.
ಸರಬರ ರೈನ್‌ಕೋಟು ಕಿತ್ತು ಮೂಲೆಗೆ ಎಸೆದ:
‘ನಿನಗಿಂತ ಜಾಸ್ತಿ ಮಾತಾಡ್ತದಲ್ಲ ಮಾರಾಯ ಇದು!’

ಕೊನೆಗೆ ಉಳಿದದ್ದು
ನಾನು, ಎದ್ದು ನಿಂತ ನನ್ನ ರೋಮ.

ಆಮೇಲೆ ಉಡಿಸತೊಡಗಿದ.
ಮೊದಲು, ಮೂರು ದಿನ ದರಗಿನಲ್ಲಿ ಹೂತಿಟ್ಟ ಬನಿಯನ್ನು.
ಅದರ ಮೇಲೆ ಹರಕು ಕಂಬಳಿಯ ತೋಳಿಲ್ಲದ ಅಂಗಿ.
ಚುಚ್ಚುತ್ತದೆ ಅಂದೆ.
‘ಚುಚ್ಚಲಿ. ನಿದ್ದೆ ಬರಲ್ಲ.’
ಎಲ್ಲಕ್ಕೂ ಮೇಲೆ ಕೋಟು.
ಆದರೆ ತೊಡುವಂತಿಲ್ಲ, ಹೆಗಲಿಗೆ.
‘ನಡುಗುತ್ತ ಹತ್ತು, ಕೂತ ಮೇಲೆ ಹಾಕು.
ಬೆಚ್ಚಗೆ ಹೊರಟವನನ್ನ ಅವನ ಬೆವರೇ ಕೊಲ್ತದೆ.’

ಕೋಟು ನಮ್ಮದಲ್ಲ, ಕಾರ್ಮಿನ್ ಬಾಯಿಯದು.
ಅವಳ ಗಂಡ ಇನಾಸ ಲಡಾಖಿನಿಂದ ಹೊತ್ತು ತಂದದ್ದು.
ಅಲ್ಲಿ ಹಿಮದಲ್ಲಿ ಬದುಕಿದವನು
ಇಲ್ಲಿ ಮಂಗನ ಕಾಯಿಲೆಗೆ ಎಂಟು ದಿನದಲ್ಲಿ ಹೋದ.
ಕೊಡುವಾಗ ಅವಳು ಮುಖ ನೋಡಲಿಲ್ಲ:
‘ಆರು ಗುಂಡಿ ಉಂಟು. ಎಣಿಸ್ಕೋ.’
ಎಣಿಸಿದ್ದೆ. ಹಿತ್ತಾಳೆಯವು. ಆರು.

ಬಿಲ್ಲಿಗೆ ನಿಂತದ್ದು ನಸುಕಿಗೆ, ಹಳ್ಳದ ಮೇಲೆ,
ಒಂದು ದೂಪದ ಮರದ ಮಗ್ಗುಲಿಗೆ.
ಕೆಳಗೆ ಹಳು ನುಗ್ಗುವವರು ಇನ್ನೂ ಬೀಡಿ ಸೇದುತ್ತಿದ್ದಿರಬೇಕು.
ಕೋಟಿನೊಳಗೆ ಇನಾಸನ ಜಾಗ ಬೇಕಾದಷ್ಟಿತ್ತು,
ಆ ಖಾಲಿಯಲ್ಲೇ ಚಳಿ ಬಂದು ಕೂತಿತು.
ನನ್ನ ಹಲ್ಲು ತಾಳ ಹಾಕಿತು.
ಮಾವ ತಿರುಗಿ ನೋಡಿದ, ನೋಟದಲ್ಲೇ ಒಂದು ಏಟು.
ಬಾಯಿಗೆ ಏನಾದರೂ ಬೇಕಿತ್ತು ಕಚ್ಚಲು;
ಕೊರಳಿನ ಗುಂಡಿ ಹತ್ತಿರವಿತ್ತು.

ಎಷ್ಟು ಹೊತ್ತೋ. ನೂಲು ಸಡಿಲಾಯಿತು.
ದಾಸು ನಾಯಿ ಒಮ್ಮೆ ಬೊಗಳಿತು, ಕುರುಚಲು ಸೀಳಿತು,
ಒಂದು ಕಪ್ಪು ಉರುಳಿಕೊಂಡೇ ಬಂತು, ಆಮೇಲೆ
ಈಡು.

ಗುಡ್ಡ ಸುಮ್ಮನಾದಾಗ ನನ್ನ ಬಾಯಿ ಖಾಲಿಯಿತ್ತು.

ಹಳ್ಳದ ಬಂಡೆಯ ಮೇಲೆ ಹಂದಿ ಸುಲಿದರು.
ಕತ್ತಿ ಹೋದಲ್ಲೆಲ್ಲ ಹಬೆ.
ಹೊರಗೆ ಮುಳ್ಳಿನಂಥ ರೋಮ, ಅದರಡಿ ತೊಗಲು,
ತೊಗಲಿನಡಿ ಅಂಗೈ ದಪ್ಪ ಬಿಳಿ ಕೊಬ್ಬು,
ಯಾರೂ ಹೊಲಿಯದ ಕೌದಿ.
ಇವನಿಗೆ ಯಾವ ಮಾವ ಉಡಿಸಿದ್ದನೋ,
ಒಂದು ಸದ್ದಿಲ್ಲ, ಒಂದು ಪದರ ಹೆಚ್ಚಿಲ್ಲ.
‘ಕೈ ಇಡು ಒಳಗೆ’ ಅಂದ ಮಾವ. ಇಟ್ಟೆ.
ಆ ಬೆಳಿಗ್ಗೆ ನನಗೆ ಬೆಚ್ಚಗಾದದ್ದು
ಅಲ್ಲಿ ಮಾತ್ರ.

ಕೋವಿಗೊಂದು ಪಾಲು, ಈಡು ಹೊಡೆದವನಿಗೊಂದು,
ನಾಯಿಗೊಂದು, ಹಳುವಿನವರಿಗೆ ಸಮ ಸಮ.
ಮುತ್ತುಗದ ಎಲೆಯಲ್ಲಿ ಬೇರೆ ಕಟ್ಟಿದರು ಕೋಟಿನ ಪಾಲು,
ತೊಡೆಯ ಕಡೆಯದು, ಒಳ್ಳೆಯ ತುಂಡು.

ಕಾರ್ಮಿನ್ ಬಾಯಿ ಮಾಂಸ ಮುಟ್ಟಲಿಲ್ಲ.
ಕೋಟನ್ನು ತೊಡೆಯ ಮೇಲೆ ಹರಡಿಕೊಂಡು
ಕೆಳಗಿನಿಂದ ಮೇಲಕ್ಕೆ ಬೆರಳಿಟ್ಟು ಬಂದಳು.
ಒಂದು. ಎರಡು. ಮೂರು. ನಾಲ್ಕು. ಐದು.
ಕೊರಳಿನ ಹತ್ತಿರ ಬೆರಳು ನಿಂತಿತು,
ಒದ್ದೆ ನೂಲಿನ ತುದಿ ಹಿಡಿದುಕೊಂಡು.

ನಾನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು
‘ನಾಳೆ ಕೊಡ್ತೇನೆ ಬಾಯಿ’ ಅಂದೆ.