ಇನ್ನೂ ತೆಳ್ಳಗ

ಹಳೇ ಹುಬ್ಬಳ್ಳಿ, ಇಂಡಿ ಪಂಪ್ ಹಿಂದಿನ ಓಣಿ.
ಮುಂಜಾನೆ ನಾಕಕ್ಕ ಎಸರಿಡ್ತೀನಿ.
ದಿನಾ ಇನ್ನೂರು ರೊಟ್ಟಿ. ಖಾನಾವಳಿಗೆ ನೂರಾ ಇಪ್ಪತ್ತು,
ಉಳಿದದ್ದು ಕಟಕ ಮಾಡಿ, ಹತ್ತರ ಕಟ್ಟು ಕಟ್ಟಿ
ವಿದ್ಯಾನಗರದ ಅಕ್ಕಾರಿಗೆ.

ಅಕ್ಕಾರು ಫೋನ್ ಮಾಡ್ತಾರ:
'ಇನ್ನೂ ತೆಳ್ಳಗ ಬಡೀರಿ ಪಾರವ್ವ,
ಬೆಳಕಿಗೆ ಹಿಡದ್ರ ಆಚೀಕಿನ ಗಿಡ ಕಾಣಬೇಕು ನೋಡ್ರಿ.'
ಬಡೀತೀನಿ.
ತೆಳುವಿಗೆ ರೊಕ್ಕ ಐತಿ.

ಮಗಳು ದಾನೇಶ್ವರಿ, ಬಿ.ಕಾಂ. ಎರಡನೇ ವರ್ಷ.
ಅಕಿ ಸಣ್ಣ ಆಗಾಕತ್ತಿದ್ದು
ಮೊದಲ ನನಗ ಗೊತ್ತಾಗಲಿಲ್ಲ.
ಗೊತ್ತಾಗಿದ್ದು ನಾಯಿಯಿಂದ.

ಹಿತ್ತಲ ಸಂದ್ಯಾಗಿನ ಕರೇ ನಾಯಿ.
ದೀಪಾವಳಿಗೆ ಅದರ ಎಲುಬು ಎಣಸಬಹುದಿತ್ತು.
ಯುಗಾದಿ ಹೊತ್ತಿಗೆ ಮೈ ಮಿಂಚಾಕತ್ತಿತು,
ಕುತ್ತಿಗಿ ತುಂಬಿ ಬಂತು.
ಬಾಜೂಮನಿ ಮಾಬೂಬಿ ಅಂದ್ಲು:
'ಏನ್ ಚಂದ ಆಗೇತ್ರಿ ನಿಮ್ಮ ನಾಯಿ, ಮೈ ತುಂಬ್ಕೊಂಡು!'
ಅವತ್ತ ಕಂಡೆ.
ಹಿತ್ತಲ ಬಾಗಲಾಗ ಕುಂತು ಮಗಳು
ತನ್ನ ತಾಟಿನ ರೊಟ್ಟಿ
ಸಣ್ಣಸಣ್ಣ ತುಣುಕು ಮಾಡಿ
ಅದಕ್ಕ ಉಣಿಸಾಕತ್ತಿದ್ಲು,
ಹಡದಾಕಿ ಕೂಸಿಗೆ ಉಣಿಸಿದಂಗ.

ಬೈದೆ. ಬೈಸ್ಕೊಂಡ್ಲು.
ಆಮ್ಯಾಲ ಮೆಲ್ಲಕ ಕೇಳಿದ್ಲು:
'ರಾಣೆಬೆನ್ನೂರಿಂದ ನನ್ನ ನೋಡಾಕ ಬಂದಿದ್ರಲ್ಲ ಬೇ,
ಅವಾಗ ನೀ ಏನಂದಿ?'

ಏನಂದೆ?
ಹುಡುಗನ ಸೋದರತ್ತಿ ಅವಲಕ್ಕಿ ತಿನಕೋಂತ
'ಫೋಟೋದಾಗ ಸಣ್ಣ ಕಾಣತಿದ್ಲು' ಅಂದಾಗ
ನಾ ನಕ್ಕೋಂತ, ಸೆರಗಿಗೆ ಕೈ ಒರೆಸ್ಕೋಂತ,
ಸಂತ್ಯಾಗ ಬದನಿಕಾಯಿ ಮಾರೋಳಂಗ,
'ಲಗ್ನದ ಮಟಾ ಸಣ್ಣ ಆಗ್ತಾಳ ಬಿಡ್ರಿ' ಅಂದೆ.
ಇಷ್ಟ ಅಂದಿದ್ದು.
ಅವರು ತಿರುಗಿ ಬರಲಿಲ್ಲ.
ಮಾತು ಮಾತ್ರ ಇಲ್ಲೇ ಉಳೀತು,
ನಮ್ಮ ಮನ್ಯಾಗ, ಅಕಿ ತಾಟಿನಾಗ.

ನಮ್ಮತ್ತಿ ಗುರುಸಿದ್ದವ್ವ ಗ್ವಾಡಿಗೆ ಆತು ಕುಂತು ನಗ್ತಾಳ:
'ನನ್ನ ನೋಡಾಕ ಬಂದವರು
ಹುಡುಗಿ ಕಡ್ಡಿ ಐತಿ, ಹಡ್ಯಾಕ ಆಗೂದಿಲ್ಲ ಅಂದ್ರು.
ನಮ್ಮವ್ವ ಆರು ತಿಂಗಳ ಬೆಣ್ಣಿ ತುರುಕಿದ್ಲು,
ಕರಕ್ಕ ಮೇವು ತುರುಕಿದಂಗ.
ಬೆಣ್ಣಿ ಕಂಡ್ರ ಇನ್ನೂ ವಾಕರಿಕಿ ಬರತೈತಿ.'
ನಕ್ಕು ನಕ್ಕು ಕಣ್ಣೊರೆಸ್ಕೋತಾಳ.
ನಾ ಇಬ್ಬರ ನಡುವ ಕುಂತು ಹಿಟ್ಟು ನಾದತೀನಿ.

ಇಪ್ಪತ್ತೆರಡು ವರ್ಷ ಬಡದ ಕೈ ಇದು. ಒಂದು ಗೊತ್ತೈತಿ:
ಜಿಗಿ ಇರೂ ಮಟ ಹಿಟ್ಟು ಹಿಗ್ಗತೈತಿ.
ಮೀರಿ ಬಡದ್ರ ಅಂಚಿಗೆ ಸೀಳತೈತಿ,
ಕೂದಲೆಳಿಯಷ್ಟ,
ಬಡ್ಯಾಕಿಗೂ ಕಾಣದಂಗ.
ಅಕಿ ಹಣಗ್ಯಾಗ ಈಗ
ದಿನಾ ಒಂದು ಉಂಡಿ ಕೂದಲ.

ಇವತ್ತ ರಾತ್ರಿ ಕಡೀ ಮುದ್ದಿ.
ಬಡೀಲಿಲ್ಲ, ತಟ್ಟಿದೆ.
ಅಂಗೈ ಅಗಲ, ಬೆರಳ ದಪ್ಪ,
ಬಾಲವಾಡಿಗೆ ಹೋಗುವಾಗ ಅಕಿಗೆ ಮಾಡಿಕೊಡ್ತಿದ್ನಲ್ಲ, ಅಂಥಾದ್ದು.
ಹಂಚಿನ ಮ್ಯಾಲ ಉಬ್ಬಿತು.
ರೊಟ್ಟಿ ಉಬ್ಬಿದ್ರ ಯಾರೂ ಬೈಯೂದಿಲ್ಲ.

'ಇದರಾಗ ಎಷ್ಟು ಕ್ಯಾಲರಿ ಗೊತ್ತೇನ ಬೇ?'
'ಇಲ್ಲವ್ವಾ. ಎಷ್ಟು ಪೆಟ್ಟು ಅಂತ ಕೇಳು, ಹೇಳ್ತೀನಿ.'
ತುಟಿ ಅಂಚಿಗೆ ಒಂದೀಟು ನಕ್ಕಳು,
ಅಥವಾ ನನಗ ಹಂಗ ಕಂಡಿತು.

ಉಣ್ಣು ಅನ್ನಲಿಲ್ಲ.
ಇಷ್ಟು ವರ್ಷ ಒಲಿ ಮುಂದ ನಿಂತ
ಹರದ ರೊಟ್ಟಿ ತಿಂದಾಕಿ
ಇವತ್ತ ತಾಟು ಹಾಕ್ಕೊಂಡು ಕುಂತೆ.
ಮುರದು ಅರ್ಧ ನನಗ, ಅರ್ಧ ನಡುವ ಇಟ್ಟೆ.
ಶೇಂಗಾ ಚಟ್ನಿ. ಗಟ್ಟಿ ಮೊಸರು.
ನನ್ನ ಹೊಟ್ಟಿ ಮಡಿಕಿ ಮಡಿಕಿಯಾಗಿ ತೊಡಿ ಮ್ಯಾಲ ಕುಂತಿತ್ತು.
ಸೆರಗು ಎಳಕೊಳ್ಳಲಿಲ್ಲ.

ಅಕಿ ಆ ಅರ್ಧ ಕೈಯಾಗ ಹಿಡದಾಳ.
ಹಿತ್ತಲ ಬಾಗಲಾಗ ನಾಯಿ ಕಾಯಾಕತ್ತೈತಿ.
ನಾನೂ.